ಹಸಿರು ತುಪ್ಪ

ಕ್ಯಾಲನೂರು
14–1–1985

ಪ್ರೀತಿಯ ಮುನಿಶಾಮಿಗೆ,

ಸಂಕ್ರಾಂತಿಯ ಎಳ್ಳು-ಬೆಲ್ಲವನ್ನು ಕಾಗದದೊಳಗೆ ಮಡಿಸಿ ಕಳಿಸಲು ಆಗುವುದಿಲ್ಲ, ಒಳ್ಳೆಯ ಮಾತನ್ನಷ್ಟೇ ಕಳಿಸುತ್ತಿದ್ದೇನೆ. ಬೊಂಬಾಯಿಯ ಔಷಧಿ ಕಾರ್ಖಾನೆಯಲ್ಲಿ ನಿನ್ನನ್ನು ಮಿಸ್ಟರ್ ಶಾಮಿ ಅನ್ನುತ್ತಾರಂತೆ. ಅನ್ನಲಿ. ಈ ಊರಿಗೆ ನೀನು ಮೂಗು ಸೋರುವ ಮುನಿಶಾಮಿಯೇ.

ಒಳ್ಳೆಯ ಮಾತು ಅಲ್ಲಿಗೆ ಮುಗಿಯಿತು. ಅತ್ತೆಗೆ ಹೊಟ್ಟೆಯಲ್ಲಿ ಗಡ್ಡೆ. ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ನೋಡಿ, ಹರಡಿಬಿಟ್ಟಿದೆ, ಮನೆಗೆ ಕರಕೊಂಡು ಹೋಗಿ ಬಾಯಿಗೆ ರುಚಿಯಾದದ್ದು ಮಾಡಿಹಾಕಿ ಎಂದು ಹೊಲಿದು ಕಳಿಸಿದರು. ನೋವು ಬಂದರೆ ಸೆರಗಿನ ತುದಿಯನ್ನು ಕಚ್ಚಿಕೊಂಡು ಕೂರುತ್ತಾರೆಯೇ ಹೊರತು ಅಯ್ಯೋ ಎನ್ನುವುದಿಲ್ಲ. ನನಗೆ ಅತ್ತೆಯಾಗುವ ಮೊದಲು ನಮ್ಮ ಅಪ್ಪನ ತಂಗಿ ಅಲ್ಲವೇ, ಹಟ ನಮ್ಮ ಮನೆಯದೇ.

ನಿನ್ನ ಭಾವ ಮುಳಬಾಗಿಲಿಗೆ ಹೋಗಿ ಹಕೀಮ್ ಬುಡನ್ ಸಾಬರನ್ನು ಕಂಡು ಬಂದರು. ಅವರು ಕೊಟ್ಟದ್ದು ಭಂಗಿ ಸೊಪ್ಪು. ಬೈರಾಗಿಗಳು ಸೇದುವ ಗಂಜಾಯಿ ಗಿಡದ್ದೇ ಎಲೆ ಕಣೋ! ಅದನ್ನು ನೀರಿನ ಹಸಿರು ಹೋಗುವ ತನಕ ತೊಳೆದು, ಬಟ್ಟೆಯಲ್ಲಿ ಗಂಟು ಕಟ್ಟಿ ಹಸುವಿನ ಹಾಲಿನಲ್ಲಿ ಇಳಿಬಿಟ್ಟು ಬೇಯಿಸಬೇಕಂತೆ. ಆಮೇಲೆ ಒಣಗಿಸಿ, ಹುರಿದು, ಪುಡಿ ಮಾಡಿ ಬೆಲ್ಲದಲ್ಲಿ ಉಂಡೆ ಕಟ್ಟಬೇಕು. ಬೇಯಿಸಿದ ಹಾಲಿನ ಬಗ್ಗೆ ಬುಡನ್ ಸಾಬ್ ಎರಡು ಸಲ ಹೇಳಿದರಂತೆ: "ಆ ಹಾಲು ಯಾರೂ ತುಳೀದ್ ಜಾಗಾಕ್ ಚೆಲ್ಲಪ್ಪಾ. ನಾಯಿಗೂ ಹಾಕ್ಬಾರ್ದು." ಹಾಲು ಚೆಲ್ಲುವುದಕ್ಕೆ ನನಗೆ ಕೈ ಬರಲಿಲ್ಲ. ಅತ್ತೆಯೇ ಎದ್ದು, "ಕೊಡಿಲ್ಲಿ, ನಾನ್ ನೋಡ್ಕೊಳ್ತೀನಿ" ಎಂದು ತೆಗೆದುಕೊಂಡು ಹೋದರು.

ನೀನು ಓದಿದವನು. ಇದನ್ನು ಕೊಡಬಹುದೋ ಬೇಡವೋ, ಬೇಗ ಬರೆ. ಮುತ್ತು ದಿನಾ "ಮಾವ ಯಾವಾಗ ಬರ್ತಾನೆ" ಎಂದು ಕೇಳುತ್ತಾಳೆ. ನಿನ್ನ ಮುಖವನ್ನೇ ನೋಡದ ಮಗು. ಅತ್ತೆ ಮಾತ್ರ ನಿನ್ನ ಹೆಸರು ಎತ್ತುವುದಿಲ್ಲ. ನಾನೂ ಎತ್ತಲು ಹೋಗುವುದಿಲ್ಲ.

ನಿನ್ನ ಅಕ್ಕ,
ಆದಿಲಕ್ಷ್ಮಿ


ಮುಂಬಯಿ
2–2–1985

ಅಕ್ಕನಿಗೆ ನಮಸ್ಕಾರಗಳು.

ಮೂಗು ಈಗ ಸೋರುವುದಿಲ್ಲ. ಪ್ರಯೋಗಾಲಯದ ಆಸಿಡ್ ವಾಸನೆಗೆ ಅದೂ ಹೆದರಿದೆ.

ಅತ್ತೆಗೆ ಕೊಡಬಹುದು. ಬುಡನ್ ಸಾಬರನ್ನು ನೋಡಿ ನಗಬೇಡ, ಅವರ ಕ್ರಮ ತುಂಬಾ ಹಳೆಯದು, ಅದರಲ್ಲಿ ಅರ್ಥವಿದೆ. ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೆಣ್ಣು ಗಿಡದ ಹೂವಿನ ಮೇಲೆ, ಹೂವಿನ ಹತ್ತಿರದ ಎಲೆಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲಿರುತ್ತದೆ. ಕೂದಲಿನ ತುದಿಯಲ್ಲಿ ಅಂಟು. ಔಷಧವೆಲ್ಲ ಆ ಅಂಟಿನಲ್ಲಿದೆ. ಅದರಲ್ಲಿ ಹತ್ತಾರು ಪದಾರ್ಥಗಳಿವೆ. ಟಿ.ಎಚ್.ಸಿ. ಎಂಬುದು ಮುಖ್ಯವಾದದ್ದು. ಅಮಲು ಬರುವುದು, ನೋವು ತಗ್ಗುವುದು, ವಾಂತಿ ನಿಲ್ಲುವುದು, ಹಸಿವಾಗುವುದು ಎಲ್ಲ ಅದರಿಂದಲೇ. ಇನ್ನೊಂದು ಪದಾರ್ಥ ಅಮಲು ತರುವುದಿಲ್ಲ, ಫಿಟ್ಸ್ ತಡೆಯಬಹುದು ಎಂದು ಹೊರದೇಶದಲ್ಲಿ ಈಚೆಗೆ ಪರೀಕ್ಷೆ ಮಾಡಿದ್ದಾರೆ. ಹಸಿ ಎಲೆಯಲ್ಲಿ ಇವೆಲ್ಲ ಆಮ್ಲದ ರೂಪದಲ್ಲಿ ಮಲಗಿರುತ್ತವೆ. ಬಿಸಿ ತಾಗಿದ ಮೇಲೆ ಏಳುತ್ತವೆ. ಅದಕ್ಕೇ ಹುರಿಯುವುದು. ನೀರಿನಲ್ಲಿ ಎಷ್ಟು ತೊಳೆದರೂ ಬಣ್ಣ ಮತ್ತು ಒಗರು ಹೋಗುತ್ತವೆಯೇ ವಿನಾ ಅಂಟು ಹೋಗುವುದಿಲ್ಲ.

ಚಿಕ್ಕ ಉಂಡೆಯಿಂದ ಶುರುಮಾಡು. ತಿಂದ ಔಷಧ ತಡವಾಗಿ ಹತ್ತುತ್ತದೆ, ಹತ್ತಲಿಲ್ಲವೆಂದು ಮೇಲೆ ಮೇಲೆ ಕೊಡಬೇಡ.

ರಜೆ ಸಿಗುವುದು ಈ ವರ್ಷವೂ ಕಷ್ಟ. ಮುತ್ತುವಿಗೆ ಬಣ್ಣದ ಪೆನ್ಸಿಲ್ ಕಳಿಸುತ್ತಿದ್ದೇನೆ.

ನಿನ್ನ ತಮ್ಮ,
ಮುನಿಶಾಮಿ


ಕ್ಯಾಲನೂರು
4–3–1985

ಮುನಿಶಾಮಿ,

ಅತ್ತೆಯ ಔಷಧಿಯಿಂದ ಅಂಥಾ ಗುಣವೇನೂ ಕಾಣಲಿಲ್ಲ. ಬುಡನ್ ಸಾಬ್ ಉಂಡೆ ದೊಡ್ಡದು ಮಾಡಿ ಎಂದರು, ಹೆಚ್ಚು ಸೊಪ್ಪು ಬೇಯಿಸುತ್ತಿದ್ದೇವೆ. ಆದರೂ ಸೆರಗು ಕಚ್ಚುವುದು ತಪ್ಪಿಲ್ಲ. ಈ ಕಾಗದ ಅವರ ವಿಷಯಕ್ಕಲ್ಲ.

ಮುತ್ತುವಿಗೆ ಏನೋ ಆಗಿದೆ.

ಮಧ್ಯಾಹ್ನ ಉಂಡು ಸ್ವಲ್ಪ ಹೊತ್ತು ಚೆನ್ನಾಗಿಯೇ ಆಡಿಕೊಂಡಿರುತ್ತಾಳೆ. ಆಮೇಲೆ, ಬಿಸಿಲಿಗೆ ನಾಯಿಯೂ ಬೊಗಳದ ಹೊತ್ತಿನಲ್ಲಿ, ಎದ್ದು ಹಿತ್ತಲಿನ ಹುಳದ ಮನೆಗೆ ಹೋಗುತ್ತಾಳೆ. ನಿನಗೆ ಗೊತ್ತಲ್ಲ, ನಾವು ರೇಷ್ಮೆ ಹುಳ ಸಾಕುವುದನ್ನು ನನ್ನ ನಾದಿನಿ ರತ್ನ ತೀರಿಕೊಂಡ ವರ್ಷವೇ ಬಿಟ್ಟೆವು. ಆ ಮನೆಯಲ್ಲಿ ಖಾಲಿ ತಟ್ಟೆಗಳು, ಜೇಡರ ಬಲೆ ಬಿಟ್ಟರೆ ಏನಿಲ್ಲ. ಮೊನ್ನೆ ಹಿಂದೆಯೇ ಹೋಗಿ ನೋಡಿದೆ. ಮುತ್ತು ತಟ್ಟೆಯ ಮುಂದೆ ಕೂತು, ಪಕ್ಕಕ್ಕೆ ಕೈ ಚಾಚುತ್ತಾಳೆ, ಯಾರೋ ಕೊಟ್ಟದ್ದನ್ನು ಈಸಿಕೊಂಡ ಹಾಗೆ. ಅದನ್ನು ತಟ್ಟೆಯ ಮೇಲೆ ಹರಡುತ್ತಾಳೆ. ಮತ್ತೆ ಕೈ ಚಾಚುತ್ತಾಳೆ. ಕೈಯಲ್ಲಿ ಏನೂ ಇರಲಿಲ್ಲ ಕಣೋ.

"ಯಾರೇ ಅಲ್ಲಿ?" ಅಂದೆ.

"ಅತ್ತೆ," ಅಂದಳು. "ಮೆಲ್ಲಗ್ ಮಾತಾಡಮ್ಮಾ, ಹುಳ ಜ್ವರಕ್ ಕೂತವೆ."

ಅವಳಿಗೆ ಅತ್ತೆಯೆಂದರೆ ರತ್ನ. ಹುಳ ಪೊರೆ ಬಿಡುವ ಮುಂಚೆ ಮೇವು ಮುಟ್ಟದೆ, ತಲೆಯೆತ್ತಿಕೊಂಡು ಅಲ್ಲಾಡದೆ ಕೂರುವುದನ್ನು ನಾವೆಲ್ಲ ಹಾಗೆ ಹೇಳುತ್ತಿದ್ದೆವು. ಈ ಮನೆಯಲ್ಲಿ ಹುಳ ಸಾಕುವುದು ನಿಂತ ಮೇಲೆ ಹುಟ್ಟಿದ ಮಗು ಅದು. ಕಣ್ಣು ಕೆಂಡದ ಹಾಗೆ ಕೆಂಪಾಗಿದ್ದವು. ನನ್ನನ್ನು ನೋಡಿ ನಕ್ಕಳು, ನಗು ನಿಲ್ಲಿಸಲೇ ಇಲ್ಲ. ಆಮೇಲೆ ಎರಡು ಮುದ್ದೆ ತಿಂದು ಹೊತ್ತು ಮುಳುಗುವ ತನಕ ಮಲಗಿದಳು.

ಊರೆಲ್ಲ ಒಂದೇ ಮಾತು. ಮದುವೆಯಾಗದೆ ಸತ್ತ ಹೆಣ್ಣು, ಅಣ್ಣನ ಮಗಳನ್ನು ಹಿಡಿದಿದ್ದಾಳೆ ಅಂತ. ನಿನ್ನ ಭಾವ ಹೆದರಿ ಅರ್ಧವಾಗಿದ್ದಾರೆ. ಆಂಧ್ರದ ಗಡಿಯ ಹತ್ತಿರ ಶ್ರೀರಾಮಪ್ಪ ಅಂತ ಒಬ್ಬ ಇದ್ದಾನಂತೆ, ಮೆಣಸಿನಕಾಯಿ ಹೊಗೆ ಹಾಕಿ, ಅಂಗಾಲಿಗೆ ಬರೆ ಕೊಟ್ಟು ಬಿಡಿಸುತ್ತಾನಂತೆ. ಯುಗಾದಿ ಅಮಾವಾಸ್ಯೆಗೆ ಕರೆದೊಯ್ಯುವುದೆಂದು ಮಾತಾಗಿದೆ. ಆರು ವರ್ಷವೂ ತುಂಬದ ಮಗುವಿನ ಕಾಲಿಗೆ ಕಾದ ಕಬ್ಬಿಣ! ನಾನು ಬೇಡವೆಂದರೆ, "ಮತ್ತೇನ್ ಮಾಡಾಣ ನೀನೇ ಹೇಳು" ಅನ್ನುತ್ತಾರೆ. ನೀನು ಹೇಳು.

ಅತ್ತೆ ಮಾತ್ರ ಬಾಯಿ ಬಿಡುವುದಿಲ್ಲ. ಮಗು ಹುಳದ ಮನೆಗೆ ಹೋದರೆ ಅವರೂ ಗೋಡೆ ಹಿಡಿದುಕೊಂಡು ಹಿಂದೆಯೇ ಹೋಗುತ್ತಾರೆ.

ಆದಿಲಕ್ಷ್ಮಿ


ಮುಂಬಯಿ
9–3–1985

ಅಕ್ಕಾ,

ತಂತಿ ತಲುಪಿರಬೇಕು. ಮಗುವನ್ನು ಎಲ್ಲಿಗೂ ಕರೆದೊಯ್ಯಬೇಡಿ, ಭಾವನಿಗೆ ನನ್ನ ಪರವಾಗಿ ಕೈ ಮುಗಿದು ಹೇಳು.

ಕಣ್ಣು ಕೆಂಪು, ಕಾರಣವಿಲ್ಲದ ನಗು, ವಿಪರೀತ ಹಸಿವು, ಆಮೇಲೆ ನಿದ್ದೆ. ಅದೂ ಉಂಡ ಕೂಡಲೇ ಅಲ್ಲ, ಸ್ವಲ್ಪ ಹೊತ್ತಾದ ಮೇಲೆ. ಇದು ದೆವ್ವವಲ್ಲ, ಭಂಗಿ. ಮಗು ಅದನ್ನು ತಿನ್ನುತ್ತಿದೆ. ಉಂಡೆ ಅವಳ ಕೈಗೆ ಸಿಗುತ್ತದೆಯೇ ನೋಡು. ಸಿಗದಿದ್ದರೆ ಹಾಲನ್ನು ಹುಡುಕು. ಹಿಂದಿನ ಕಾಗದದಲ್ಲಿ ನೀರಿನ ಬಗ್ಗೆ ಬರೆದೆ, ಹಾಲಿನ ಬಗ್ಗೆ ಯೋಚಿಸಲಿಲ್ಲ. ಅಂಟು ನೀರಿಗೆ ಕರಗದು, ಜಿಡ್ಡಿಗೆ ಕರಗುತ್ತದೆ. ಹಾಲಿನಲ್ಲಿ ಕೆನೆಯಿದೆ. ಸೊಪ್ಪು ಬೇಯಿಸಿದಾಗ ಅದರ ಸತ್ವದಲ್ಲಿ ಒಂದಷ್ಟು ಕೆನೆಗೆ ಇಳಿಯುತ್ತದೆ. ಅತ್ತೆಯ ಉಂಡೆಗೆ ಬಲವಿಲ್ಲದಿರುವುದೂ ಅದಕ್ಕೇ ಇರಬೇಕು.

ಆ ಹಾಲು ಚೆಲ್ಲಿದ್ದನ್ನು ನೀನು ಕಣ್ಣಾರೆ ನೋಡಿದ್ದೀಯಾ?

ಮುನಿಶಾಮಿ


ಕ್ಯಾಲನೂರು
23–3–1985

ಪ್ರೀತಿಯ ಮುನಿಶಾಮಿಗೆ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಯುಗಾದಿಯ ಬೇವು-ಬೆಲ್ಲದಲ್ಲಿ ನಿನ್ನ ಪಾಲಿನ ಬೇವನ್ನೂ ನಾನೇ ತಿಂದಿದ್ದೇನೆ.

ನಾನು ನೋಡಿರಲಿಲ್ಲ. ಅತ್ತೆಯನ್ನೇ ನೇರವಾಗಿ ಕೇಳಿದೆ. "ಹಾಲು ಎಲ್ಲಿ ಚೆಲ್ತಿದ್ದೀರತ್ತೆ?" ಅವರು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು.

"ಚೆಲ್ಲೋದಾ? ಹಾಲ್ ಚೆಲ್ಲಿದ್ ಮನೇಲಿ ಹಸೀನ್ ಕೆಚ್ಲು ಬತ್ತೋಗ್ತದೆ ಕಣಮ್ಮಾಯಿ. ಆ ಸಾಬಣ್ಣನ ಮನೇಲಿ ಹಸು ಇಲ್ಲ, ಅವನಿಗೇನ್ ಗೊತ್ತು?"

ಹೆಪ್ಪು ಹಾಕುತ್ತಿದ್ದರಂತೆ, ಬೇರೆ ಮಡಕೆಯಲ್ಲಿ. ಕಡೆದು, ಬೆಣ್ಣೆ ತೆಗೆದು, ಕಾಯಿಸಿ ತುಪ್ಪ ಮಾಡಿ ಇಟ್ಟಿದ್ದರು. ಈ ಊರಿನ ಹಾಲೆಲ್ಲ ಬೆಳಕು ಹರಿಯುವ ಮುಂಚೆ ಡೈರಿಯ ಕ್ಯಾನಿಗೆ ಹೋಗುತ್ತದೆ. ಹಸು ಕಟ್ಟಿದವರ ಮನೆಯಲ್ಲಿ ತುಪ್ಪ ಕಾಣುವುದು ಹಬ್ಬಕ್ಕೆ ಮಾತ್ರ. ಡೈರಿಗೆ ಹಾಕಲಾಗದ ಹಾಲು ಮನೆಯಲ್ಲಿ ಉಳಿದರೆ ಯಾರು ತಾನೇ ಚೆಲ್ಲುತ್ತಾರೆ, ನೀನೇ ಹೇಳು. ತುಪ್ಪ ಹಸಿರು ಬಂದಿತ್ತು. ಸೊಪ್ಪಿನ ಸತ್ವ, ಬೆಳೆಯೋ ಮಗೂಗೆ ಒಳ್ಳೇದು ಎಂದು ಬಿಸಿ ಮುದ್ದೆಯಲ್ಲಿ ಗುಳಿ ಮಾಡಿ ಮುತ್ತುವಿಗೆ ಸುರಿಯುತ್ತಿದ್ದರು. ತಾವು ಒಂದು ತೊಟ್ಟೂ ಮುಟ್ಟಿಲ್ಲ.

ನಿಲ್ಲಿಸಿದೆ. ಮಡಕೆಯನ್ನು ಅಟ್ಟದ ಮೇಲೆ ಇಟ್ಟೆ. ಮಗು ಎರಡು ದಿನ ಮಂಕಾಗಿದ್ದು ಈಗ ಎಂದಿನಂತೆ ಕರುವಿನ ಬಾಲ ಹಿಡಿದು ಓಡುತ್ತಿದೆ. ಹುಳದ ಮನೆಯ ಕಡೆ ತಿರುಗಿಯೂ ನೋಡುವುದಿಲ್ಲ. ನಿನ್ನ ಭಾವ, "ನಿನ್ ತಮ್ಮನ್ ಓದು ಸುಮ್ನೆ ಹೋಗ್ಲಿಲ್ಲ ಬಿಡು" ಅಂದರು. ಅವರ ಬಾಯಿಂದ ಇಷ್ಟು ಬರುವುದೇ ಹೆಚ್ಚು.

ಅತ್ತೆ ಮೂಲೆ ಹಿಡಿದಿದ್ದಾರೆ. ತಪ್ಪು ಮಾಡಿದೆನೆಂದು ಕೊರಗುತ್ತಿದ್ದಾರೋ ಏನೋ. ಬಯ್ಯುವುದಕ್ಕೆ ಮನಸ್ಸು ಬರಲಿಲ್ಲ.

ನಿನ್ನ ಅಕ್ಕ,
ಆದಿಲಕ್ಷ್ಮಿ


ಮುಂಬಯಿ
1–4–1985

ಅಕ್ಕನಿಗೆ ನಮಸ್ಕಾರಗಳು.

ಕಾಗದ ಓದಿ ಪ್ರಯೋಗಾಲಯದಲ್ಲೇ ಜೋರಾಗಿ ನಕ್ಕೆ, ಪಕ್ಕದವರು ನನಗೇ ಭಂಗಿ ಹತ್ತಿದೆ ಅಂದುಕೊಂಡಿರಬೇಕು. ಕೆನೆಯಿಂದ ಬೆಣ್ಣೆಗೆ, ಬೆಣ್ಣೆಯಿಂದ ತುಪ್ಪಕ್ಕೆ ಸತ್ವ ಗಟ್ಟಿಯಾಗುತ್ತಾ ಹೋಗಿದೆ. ಬೆಣ್ಣೆ ಕಾಯಿಸುವ ಬಿಸಿಯೇ ಅದನ್ನು ಎಬ್ಬಿಸಲು ಬೇಕಾದ ಬಿಸಿ. ತಿಂದದ್ದು ಯಕೃತ್ತಿಗೆ ಹೋಗಿ ಅಲ್ಲಿ ಇನ್ನೂ ತೀಕ್ಷ್ಣವಾದ ರೂಪ ತಾಳುತ್ತದೆ. ನಮ್ಮಲ್ಲಿ ಇಷ್ಟು ಅಚ್ಚುಕಟ್ಟಾಗಿ ಮಾಡಬೇಕಾದರೆ ನಾಲ್ಕು ಜನ ಬೇಕು, ಅತ್ತೆ ಒಬ್ಬರೇ ಕಡೆಗೋಲಿನಲ್ಲಿ ಮಾಡಿದ್ದಾರೆ.

ಒಂದು ವಿಷಯ ನೆನಪಿಡು. ಇದು ದೇಹದ ಕೊಬ್ಬಿನಲ್ಲಿ ಕೆಲವು ವಾರ ಉಳಿಯುತ್ತದೆ. ಮಗು ಮತ್ತೆ ಏನಾದರೂ ಅಂದರೆ ಗಾಬರಿಯಾಗಬೇಡ. ಎರಡು ತಿಂಗಳು ಕಳೆದರೆ ಒಂದು ಚೂರೂ ಇರುವುದಿಲ್ಲ.

ಇದರ ಹಿಂದಿನ ಕಾಗದದಲ್ಲಿ ನೀನು ರತ್ನಳ ಹೆಸರು ಬರೆದಿದ್ದೆ. ಬಹಳ ಕಾಲದ ಮೇಲೆ ನಿನ್ನ ಅಕ್ಷರದಲ್ಲಿ ನೋಡಿದೆ. ಸರಿ. ಅತ್ತೆಯನ್ನು ನೋಡಿಕೋ.

ಮುನಿಶಾಮಿ


ಕ್ಯಾಲನೂರು
19–5–1985

ಮುನಿಶಾಮಿ,

ಗುಣವಾಗಿರಲಿಲ್ಲ. ನಾನು ಕುರುಡಿಯಾಗಿದ್ದೆ ಅಷ್ಟೇ.

ಮೊನ್ನೆ ಹುಲ್ಲು ಕೊಯ್ಯಲು ಹೋದವಳು ಕುಡುಗೋಲು ಮುರಿದು ಬೇಗ ಹಿಂದಿರುಗಿದೆ. ಮನೆಯಲ್ಲಿ ಯಾರೂ ಇಲ್ಲ. ಹುಳದ ಮನೆಯ ಬಾಗಿಲು ಅರ್ಧ ಹಾಕಿತ್ತು. ಒಳಗೆ ತೆಲುಗು ಮಾತು. ರತ್ನ ತನ್ನ ತಾಯಿಯ ಹತ್ತಿರ ತೆಲುಗೇ ಆಡುತ್ತಿದ್ದದ್ದು ನಿನಗೆ ನೆನಪಿರಬೇಕು. ಮುತ್ತುವಿನ ಹತ್ತಿರ ನಾವು ಯಾರೂ ಆಡುವುದಿಲ್ಲ.

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಮುಂದೆ ಮುತ್ತು. ಪಕ್ಕದಲ್ಲಿ ಅಟ್ಟದ ಮೇಲಿರಬೇಕಾದ ಮಡಕೆ. ಆ ಗಡ್ಡೆ ಹೊತ್ತುಕೊಂಡು ಅವರು ಅಟ್ಟ ಹೇಗೆ ಹತ್ತಿದರೋ!

"ರತ್ನಾ, ದಾಹಮಾ?" ಎಂದು ಕೇಳಿದರು. ಬಾಯಾರಿಕೆಯಾ ಅಂತ.

"ಲೇದಮ್ಮಾ. ನೀಳ್ಳು ವದ್ದು." ಇಲ್ಲಮ್ಮ, ನೀರು ಬೇಡ. ಮುತ್ತುವಿನ ಧ್ವನಿಯೇ, ಆದರೆ ಆ ನಿಧಾನ ಮುತ್ತುವಿನದಲ್ಲ. ಮಕ್ಕಳು ಹಾಗೆ ಮಾತು ತೂಗಿ ಆಡುವುದಿಲ್ಲ. ಆಮೇಲೆ ಅವಳು ತಲೆಯೆತ್ತಿ ಕೇಳಿದಳು: "ವಾಡು ವಚ್ಚಾಡಾ?"

ಅವನು ಬಂದನಾ?

"ವಸ್ತಾಡು ತಲ್ಲೀ, ವಸ್ತಾಡು," ಅಂದರು ಅತ್ತೆ. ಬರ್ತಾನೆ ತಾಯೀ, ಬರ್ತಾನೆ.

ಒಳಗೆ ನುಗ್ಗಿ ಮಗುವನ್ನು ಎತ್ತಿಕೊಂಡೆ. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಅವರು ನೋವು ತಡೆದುಕೊಂಡೇ ಹೇಳಿದರು: "ನನ್ ಕೂಸು ಬಾಯಾರ್ಕೊಂಡೇ ಹೋಯ್ತು. ಮಿದುಳು ಜ್ವರ, ಬಾಯಿಗ್ ನೀರ್ ಹಾಕ್ಬೇಡಿ ಅಂದ್ರು. ನಾನ್ ಹಾಕ್ಲಿಲ್ಲ. ನನ್ಮೇಲ್ ಕೋಪಾನಾ ಅಂತ ಒಂದ್ ಸಲ ಕೇಳ್ಬೇಕಿತ್ತು ಕಣಮ್ಮಾಯಿ."

"ಕೇಳಿದ್ದಾಯ್ತಲ್ಲ ಅತ್ತೆ. ಇದೂ ಒಂದು ಕೂಸೇ ಅಲ್ವಾ?"

ಅವರು ಮುತ್ತುವಿನ ಅಂಗಾಲಿನ ಕಡೆ ನೋಡಿದರು, ಬರೆ ಬೀಳಬೇಕಿದ್ದ ಜಾಗ. ಮಡಕೆಯನ್ನು ನನ್ನ ಕಡೆ ನೂಕಿದರು. "ತಗೊಂಡೋಗು. ಅವಳಿಗ್ ಕೊಡ್ಬೇಡ. ಇನ್ಮೇಲ್ ನಂಗೆ ಕೊಡು. ನಂಗೇ ಕಾಣ್ತಾಳೇನೋ ನೋಡ್ತೀನಿ," ಅಂದರು.

ಯೋಚನೆ ಮಾಡಿ ನೋಡು. ತಮ್ಮ ನೋವನ್ನು ತಣಿಸುವ ವಸ್ತು ಎದುರಿಗಿದ್ದರೂ, ಸೆರಗು ಕಚ್ಚಿಕೊಂಡು, ಅದನ್ನು ಮಗುವಿಗೆ ಉಣಿಸುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬರುತ್ತಿವೆ. ತುಪ್ಪವನ್ನು ಅವರಿಗೆ ಎಷ್ಟು ಕೊಡಬೇಕು ಬರೆ.

ಆದಿಲಕ್ಷ್ಮಿ


ಮುಂಬಯಿ
27–5–1985

ಅಕ್ಕಾ,

ಉಗುರಿನ ತುದಿಯಲ್ಲಿ ನಿಲ್ಲುವಷ್ಟರಿಂದ ಶುರುಮಾಡು, ಅನ್ನದ ಜೊತೆ. ಮೂರು ದಿನ ನೋಡಿ ಬೇಕಾದರೆ ಹೆಚ್ಚಿಸು. ತಲೆ ಸುತ್ತಿದರೆ ಮಲಗಿಸು, ಒಬ್ಬರನ್ನೇ ನಡೆಯಲು ಬಿಡಬೇಡ. ಮಡಕೆಗೆ ಬೀಗ ಹಾಕು.

ನೀನು ಕೇಳಿಸಿಕೊಂಡದ್ದಕ್ಕೆ ವಿವರಣೆ ಇದೆ. ಮತ್ತಿನಲ್ಲಿರುವ ಮಗು ಯಾವ ಹೆಸರಿನಿಂದ ಕರೆದರೂ ಓಗೊಡುತ್ತದೆ, ಕೇಳುವವರಿಗೆ ಬೇಕಾದ ಉತ್ತರ ಕೊಡುತ್ತದೆ. ತೆಲುಗು ನಮ್ಮ ಊರಿನ ಗಾಳಿಯಲ್ಲೇ ಇದೆ, ಕಲಿಸಬೇಕಾಗಿಲ್ಲ. ಹುಳ ಜ್ವರಕ್ಕೆ ಕೂರುವುದನ್ನು ಪಕ್ಕದ ಮನೆಯಲ್ಲಿ ಕೇಳಿರುತ್ತಾಳೆ.

ಒಂದು ಮಾತ್ರ. ಮುತ್ತುವಿಗೆ ನಾನು ಮಾವ. ನಿಮ್ಮ ಮನೆಯಲ್ಲಿ ನನ್ನ ವಿಷಯ ಬಂದರೆ ಮಗು ಮಾವ ಅನ್ನಬೇಕು, ಮಾಮ ಅನ್ನಬೇಕು. "ವಾಡು" ಎಂದು ನನ್ನನ್ನು ಅನ್ನುತ್ತಿದ್ದವಳು ಒಬ್ಬಳೇ. ನೀನು ಸರಿಯಾಗಿ ಕೇಳಿಸಿಕೊಂಡೆಯಾ? ಉತ್ತರ ಬರೆಯಬೇಕಾಗಿಲ್ಲ.

ಮುನಿಶಾಮಿ


ಕ್ಯಾಲನೂರು
11–8–1985

ಪ್ರೀತಿಯ ಮುನಿಶಾಮಿಗೆ,

ಅತ್ತೆ ಹೋದರು. ತಂತಿ ಕೊಟ್ಟಿದ್ದೆವು. ನೀನು ಬರಲಿಲ್ಲ. ಹನ್ನೊಂದನೆಯ ದಿನವೂ ಬಾಗಿಲ ಕಡೆ ನೋಡುತ್ತಿದ್ದೆ. ಬಯ್ಯಲು ಈ ಕಾಗದ ಬರೆಯುತ್ತಿಲ್ಲ, ಆದರೂ ಬಯ್ದಿದ್ದೇನೆ ಎಂದು ತಿಳಿದುಕೋ.

ಕೊನೆಯ ವಾರಗಳು ಸುಖವಾಗಿ ಕಳೆದವು. ನಿನ್ನ ಲೆಕ್ಕ ಸರಿಯಾಗಿತ್ತು. ಸೆರಗು ಕಚ್ಚುವುದು ನಿಂತಿತು. ವಾಂತಿ ನಿಂತಿತು. ಹಸಿವು ಎಂದು ಕೇಳಿ ಅವರೆಕಾಳು ಸಾರು ಮಾಡಿಸಿಕೊಂಡು ಉಂಡರು. ನಿದ್ದೆ ಬಂತು. ಅವರು ಬಯಸಿದ್ದೊಂದು ಮಾತ್ರ ಆಗಲಿಲ್ಲ. ದಿನಾ ತುಪ್ಪ ತಿಂದ ಮೇಲೆ ಹುಳದ ಮನೆಯಲ್ಲಿ ಕೂರಿಸು ಅನ್ನುತ್ತಿದ್ದರು, ಕೂರಿಸುತ್ತಿದ್ದೆ. ಖಾಲಿ ತಟ್ಟೆಗಳನ್ನು ನೋಡುತ್ತಾ ಕೂತು, ಅಲ್ಲೇ ಗೊರಕೆ ಹೊಡೆಯುತ್ತಿದ್ದರು. ಎದ್ದ ಮೇಲೆ ಚಿಕ್ಕ ಮಕ್ಕಳ ಹಾಗೆ ದೂರು: "ನಂಗ್ ಕಾಣ್ಲೇ ಇಲ್ಲ ಕಣಮ್ಮಾಯಿ. ಹೆತ್ತೋಳಿಗೇ ಕಾಣಲ್ವಾ? ನಿದ್ದೆ ಒಂದೇ ಬಂತು." ಹಾಗೆ ನಿದ್ದೆಯಲ್ಲೇ ಹೋದರು.

ಉಳಿದ ತುಪ್ಪವನ್ನು ಮಡಕೆಯ ಸಮೇತ ತಿಪ್ಪೆಯ ಆಚೆ ಆಳವಾಗಿ ಹೂತು ಮೇಲೆ ಕಲ್ಲು ಎಳೆಸಿದ್ದೇನೆ. ಹುಳದ ಮನೆಯ ಚಾವಣಿ ತೆಗೆಸಿದೆವು. ಮುತ್ತು ಒಂದನೇ ಕ್ಲಾಸಿಗೆ ಹೋಗುತ್ತಿದ್ದಾಳೆ. ಲೆಕ್ಕದಲ್ಲಿ ಮಂದ, ಜಗಳದಲ್ಲಿ ಮುಂದು.

ಇನ್ನಾದರೂ ಬಾರೋ. ಈ ಮನೆಯಲ್ಲಿ ನಿನ್ನನ್ನು ನೋಡಿ ಮುಖ ತಿರುಗಿಸುವವರು ಯಾರೂ ಉಳಿದಿಲ್ಲ.

ನಿನ್ನ ಅಕ್ಕ,
ಆದಿಲಕ್ಷ್ಮಿ


ಮುಂಬಯಿ
27–10–1985

ಅಕ್ಕಾ,

ಬಹಳ ದಿನ ಬರೆಯಲಿಲ್ಲ. ಬರೆದು ಬರೆದು ಹರಿದೆ.

ದೀಪಾವಳಿಗೆ ಬರುತ್ತಿದ್ದೇನೆ. ರಜೆ ಕೊಡಲಿಲ್ಲ, ಆದರೂ ಬರುತ್ತೇನೆ. ಈ ವಿಷಯ ಸದ್ಯಕ್ಕೆ ನಿನ್ನಲ್ಲೇ ಇರಲಿ, ಭಾವನಿಗೂ ಬೇಡ.

ಇಷ್ಟು ತಿಂಗಳು ಸಿಕ್ಕಿದ್ದನ್ನೆಲ್ಲ ಓದಿದೆ. ಒಂದೇ ಪದಾರ್ಥ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಅತ್ತೆಗೆ ಅಷ್ಟು ಬಯಸಿದರೂ ಕಾಣಲಿಲ್ಲ. ನಾನು ತಿಂದರೆ ನನಗೂ ಕಾಣುವುದಿಲ್ಲ. ಹೇಗೆ ಗೊತ್ತು ಎಂದು ಕೇಳಬೇಡ. ಕಂಡದ್ದು ಮುತ್ತು ಒಬ್ಬಳಿಗೆ.

ಆ ಮಡಕೆಯನ್ನು ಅಗೆದು ತೆಗೆಸು. ಬಾಯಿ ಗಟ್ಟಿಯಾಗಿ ಮುಚ್ಚಿದ್ದರೆ ತುಪ್ಪ ಮಣ್ಣಿನಲ್ಲಿ ಕೆಡುವುದಿಲ್ಲ. ಒಡೆದಿದ್ದರೂ ಪರವಾಗಿಲ್ಲ, ಬೇಕಾದದ್ದನ್ನು ಇಲ್ಲಿಂದ ತರಬಲ್ಲೆ. ದೆಹಲಿಯಲ್ಲಿ ಹೊಸ ಕಾನೂನು ಆಗಿದೆ, ಇನ್ನು ಈ ಗಿಡದ ಮೇಲೆ ಬಿಗಿ ಬರುತ್ತದೆ, ಆಮೇಲೆ ಕಷ್ಟ. ಕಡಲೆಕಾಳಿನಷ್ಟು ಸಾಕು. ಒಂದೇ ಸಲ. ಮಗುವಿಗೆ ಅಪಾಯವಿಲ್ಲ, ಲೆಕ್ಕ ಹಾಕಿದ್ದೇನೆ. ಮುತ್ತುವಿನ ತೂಕ ಎಷ್ಟಿದೆ ಎಂದು ಬರೆ.

ಅತ್ತೆ ಒಂದು ಪ್ರಶ್ನೆ ಕೇಳಿದರು. ನನ್ನದೂ ಒಂದೇ.

ಮುನಿಶಾಮಿ


ಕ್ಯಾಲನೂರು
3–11–1985

ಮುನಿಶಾಮಿ,

ಬರಬೇಡ.

ನಿನ್ನೆ ಶನಿವಾರ, ಅರ್ಧ ದಿನದ ಶಾಲೆ. ನಿನ್ನ ಕಾಗದ ಬಂದಾಗ ಕೊಟ್ಟಿಗೆಯಲ್ಲಿ ನಾನೊಬ್ಬಳೇ ಇದ್ದೆ. ನಿಂತಲ್ಲೇ ಮನಸ್ಸಿನಲ್ಲಿ ಓದಿದೆ, ಬಾಯಿಬಿಟ್ಟು ಒಂದು ಅಕ್ಷರ ಓದಲಿಲ್ಲ. ತೂಕ ಎಷ್ಟು ಎಂದು ಕೇಳಿದ್ದೀಯ. ಸಂತೆಯಲ್ಲಿ ಕುರಿಗೆ ಕೇಳುತ್ತಾರೆ ಹಾಗೆ. ಶ್ರೀರಾಮಪ್ಪನಾದರೂ ಬರೆ ಕೊಟ್ಟು ಬಿಡಿಸುತ್ತೇನೆ ಎನ್ನುತ್ತಿದ್ದ. ಬರೆಯಿಂದ ಮಗುವನ್ನು ಉಳಿಸಿದವನು ನೀನೇ ಎಂಬುದನ್ನು ನಾನು ಮರೆತಿಲ್ಲ, ಅದಕ್ಕೇ ಇಷ್ಟಕ್ಕೆ ನಿಲ್ಲಿಸುತ್ತಿದ್ದೇನೆ. ಕಾಗದವನ್ನು ಒಲೆಗೆ ಹಾಕಿದೆ.

ಆಮೇಲೆ ಮುತ್ತು ಶಾಲೆಯಿಂದ ಬಂದಳು. ಚೀಲ ಇಳಿಸಿ, ತಲೆಗೆ ನೀರು ಹಾಕು ಅಂದಳು. ಹಬ್ಬಕ್ಕೆ ಇನ್ನೂ ದಿನವಿದೆಯಲ್ಲೇ ಅಂದೆ. ಕನಕಾಂಬರ ಬೇಕು ಅಂದಳು. ಯಾಕೆ ಎಂದು ಕೇಳಿದೆ.

"ವಾಡು ವಸ್ತಾಡಂಟ ಗದಾ, ವದಿನಾ."

ಅವನು ಬರ್ತಾನಂತಲ್ಲ, ಅತ್ತಿಗೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು ನನ್ನನ್ನು ಅತ್ತಿಗೆ ಅಂದಿತು. ನೀನು ಎರಡು ತಿಂಗಳು ಎಂದು ಬರೆದಿದ್ದೆ. ಐದು ತಿಂಗಳು ಮೀರಿದೆ. ಈ ಮನೆಯಲ್ಲಿ ಯಾವ ತುಪ್ಪವೂ ಇಲ್ಲ. ಕಣ್ಣು ಕೆಂಪಾಗಿರಲಿಲ್ಲ. ನಗುತ್ತಿರಲಿಲ್ಲ. ನನಗೆ ಕೂಗಿಕೊಳ್ಳುವ ಹಾಗಾಯಿತು, ಕೂಗಲಿಲ್ಲ. ಎದುರಿಗೆ ಕೂತೆ.

ನಿನಗೆ ಯಾರೂ ಹೇಳದ ಮಾತು ಹೇಳುತ್ತೇನೆ. ಜ್ವರ ತಲೆಗೇರಿದ ರತ್ನ ಆ ನಾಲ್ಕು ದಿನವೂ ಇದನ್ನೇ ಕೇಳಿದ್ದಳು. ಅತ್ತೆ "ಬರ್ತಾನೆ" ಅಂದರು. ಆಗ ಬದುಕಿದ್ದ ನಮ್ಮ ಮಾವನವರೂ "ಬರ್ತಾನೆ" ಅಂದರು. ಪಕ್ಕದಲ್ಲಿ ಕೂತು ಒದ್ದೆ ಬಟ್ಟೆ ಹಾಕುತ್ತಿದ್ದ ನಾನೂ ಅದನ್ನೇ ಅಂದೆ. ನೀನು ಬರುವುದಿಲ್ಲ, ಈ ಮದುವೆ ಬೇಡ ಎಂದು ಬರೆದ ಕಾಗದ ಆಗಲೇ ಗೋಡೆಯ ಗೂಡಿನಲ್ಲಿತ್ತು. ಯಾರೂ ಅವಳಿಗೆ ಹೇಳಲಿಲ್ಲ.

ನಿನ್ನೆ ನಾನು ಹೇಳಿದೆ. "ಅವನು ಬರಲ್ಲ ಕಣಮ್ಮಾ ರತ್ನಾ. ಯಾವತ್ತೂ ಬರಲ್ಲ. ಅವತ್ತೇ ಬರಲ್ಲ ಅಂತ ಬರೆದಿದ್ದ. ನಾವೆಲ್ಲ ಸೇರಿ ನಿನಗೆ ಸುಳ್ಳು ಹೇಳಿದ್ವಿ."

ಅವಳು ನನ್ನನ್ನೇ ನೋಡಿದಳು. ಅತ್ತಳು, ಸದ್ದಿಲ್ಲದೆ, ದೊಡ್ಡವರು ಅಳುವ ಹಾಗೆ. ನಾನೂ ಅತ್ತೆ. ಆಮೇಲೆ ನನ್ನ ತೊಡೆಯ ಮೇಲೆ ಮಲಗಿ ನಿದ್ದೆ ಹೋದಳು. ಎದ್ದಾಗ, "ಅಮ್ಮಾ, ಹೊಟ್ಟೆ ಹಸೀತದೆ, ಮುದ್ದೆ ಕೊಡು" ಅಂದಳು. ಮುತ್ತುವೇ. ಕೊಟ್ಟೆ.

ಈಗ ಈ ಮನೆಯಲ್ಲಿ ಒಬ್ಬರು ನಿನಗಾಗಿ ಕಾಯುವುದನ್ನು ಬಿಟ್ಟಿದ್ದಾರೆ. ಬಾಗಿಲಿಗೆ ನೀನು ಬಂದು ನಿಂತರೆ ಯಾರು ಎದ್ದು ಬರುತ್ತಾರೋ ನನಗೆ ಗೊತ್ತಿಲ್ಲ. ನನ್ನ ಮಗಳು ನನಗೆ ಬೇಕು. ಏಳು ವರ್ಷ ಬಾ ಬಾ ಎಂದು ಕರೆದವಳು ನಾನೇ, ಈಗ ಕೈ ಮುಗಿದು ಕೇಳುವವಳೂ ನಾನೇ. ನಾನು ಅವಳಿಗೆ ಆಡಿದ ಮಾತನ್ನು ಸುಳ್ಳು ಮಾಡಬೇಡ.

ಎಲ್ಲಿದ್ದರೂ ಚೆನ್ನಾಗಿರು.

ನಿನ್ನ ಅಕ್ಕ,
ಆದಿಲಕ್ಷ್ಮಿ